ಹಳೇ ಕ್ಯಾಮೆರಾಕ್ಕ ಊರೆಲ್ಲಾ ಡಾಕ್ಟರು

ಕೈಯಾಗ ಒಂದು ಹಳೇ ಕ್ಯಾಮೆರಾ ಹಿಡ್ಕೊಂಡು ದಾಂಡೇಲಿ ಪ್ಯಾಟಿಯೊಳಗ ಹತ್ತು ಹೆಜ್ಜಿ ನಡದು ನೋಡ್ರಿ. ಹನ್ನೊಂದನೇ ಹೆಜ್ಜಿಗೆ ಯಾವನರೆ ಒಬ್ಬ ಅಡ್ಡ ಬಂದು "ಇನ್ನೂ ಇದನ್ನ ಇಟ್ಕೊಂಡೀರೇನ್ರಿ?" ಅಂತ ಕೇಳಲಿಲ್ಲಂದ್ರ ನನ್ನ ಹೆಸರು ಬದ್ಲ ಮಾಡ್ರಿ. ಕೇಳಾವರೊಳಗ ಕ್ಯಾಮೆರಾ ಹಿಡದು ಅನ್ನ ತಿಂದವರು ಒಬ್ಬರೂ ಇರೂದಿಲ್ಲ. ಹಲ್ಲು ನೋವು ಅಂದ್ರ ದವಾಖಾನಿಗೆ ಹೋಗು ಅಂತಾರ, ಕ್ಯಾಮೆರಾ ಹಳೇದು ಅಂದ್ರ ತಾವ ಡಾಕ್ಟರ್ ಆಗಿ ನಾಡಿ ಹಿಡೀತಾರ.

ನಾನು ಇಪ್ಪತ್ತು ವರ್ಷದಿಂದ ಇದ ಊರಾಗ ಸ್ಟುಡಿಯೋ ನಡಸ್ತೇನಿ. ಮುಸಲ್ಮಾನರ ಮದವಿಯೊಳಗ ಹೆಣ್ಣುಮಕ್ಕಳ ಕಡೆ ಫೋಟೋ ಹೊಡ್ಯಾಕ ಹೆಂಗಸ ಬೇಕು ಅಂತ ಸುರು ಆದ ಕೆಲಸ, ಈಗ ಎಲ್ಲಾರೂ ಕರೀತಾರ. ಕ್ಯಾಮೆರಾಕ್ಕ ಹದಿನಾಲ್ಕು ವರ್ಷ ಆತು. ಹಿಡಕಿಯ ರಬ್ಬರ್ ಎರಡು ಸಲ ಕಿತ್ತು ಬಂದೈತಿ, ಎರಡು ಸಲ ಅಂಟಿಸೇನಿ, ಮ್ಯಾಲೊಂದು ಕರೇ ಟೇಪ್ ಸುತ್ತೇನಿ. ಫೋಟೋ ಮಾತ್ರ ಛೊಲೋ ಬರ್ತಾವ. ಆದ್ರ ಫೋಟೋ ಯಾರಿಗೆ ಬೇಕಾಗೇತ್ರಿ, ಎಲ್ಲಾರೂ ಟೇಪ್ ನೋಡ್ತಾರ.

ಈ ಬ್ಯಾಸಿಗ್ಯಾಗ ಇದು ಬರೇ ಮಾತಿನ ವಿಷಯ ಆಗಿ ಉಳೀಲಿಲ್ಲ. ಸ್ಟುಡಿಯೋದ ಮಾಡಿನ ತಗಡು ತೂತು ಬಿದ್ದಿತ್ತು. ಮಳಿಗಾಲಕ್ಕ ಮುಂಚೆ ಹೊಸಾ ತಗಡು ಹಾಕಸಬೇಕು ಅಂತ ರೊಕ್ಕ ಕೂಡಿಸಿ ಇಟ್ಟಿದ್ದೆ. ಅಷ್ಟೊತ್ತಿಗೆ ಹಳಿಯಾಳದ ಒಂದು ದೊಡ್ಡ ಮನಿತನದ ಮದವಿ ಆರ್ಡರ್ ಬಂತು, ಅದರ ಜೋಡಿ ಹೊಸಾ ಕ್ಯಾಮೆರಾ ಬೇಕು ಅನ್ನೂ ಹಟಾನೂ ಬಂತು. ಕ್ಯಾಮೆರಾ ತಗೊಂಡ್ರ ತಗಡಿಲ್ಲ, ತಗಡು ಹಾಕಸಿದ್ರ ಆರ್ಡರ್ ಇಲ್ಲ. ಒಂದು ತಿಂಗಳ ನನ್ನ ನಿದ್ದಿ ಕೆಡಿಸಿದ್ದು ಇದ.

ಆಲ್ಬಂ ಮಸುಕಾದದ್ದು

ಕನ್ಯಾದ ಕಾಕಾ ಸ್ಟುಡಿಯೋಕ್ಕ ಬಂದ. ಅರವತ್ತರ ಮನಶ್ಯಾ, ಇಸ್ತ್ರಿ ಮುರೀದ ಬಿಳೇ ಅಂಗಿ, ಕಿಸೆದಾಗ ಎರಡು ಫೋನು. ಹ್ವಾದ ವರ್ಷ ನಾ ಮಾಡಿದ ಒಂದು ಮದವಿ ಆಲ್ಬಂ ಮುಂದಿಟ್ಟೆ. ಒಂದೊಂದ ಹಾಳಿ ತಿರುವಿದಂಗ ಅವನ ಮಾರಿ ಅರಳಿತು. "ಆಹಾ! ಬಾಯಾರ, ಏನು ಫೋಟೋ ತಗದೀರಿ! ಮೂಗುತಿ ಹರಳು ಸುದ್ದಾ ಎಣಿಸಬಹುದಲ್ರಿ!" ಅಂದ. ನಾನೂ ಉಬ್ಬಿದೆ, ಸುಳ್ಳ್ಯಾಕ ಹೇಳಲಿ.

"ಯಾವ ಕ್ಯಾಮೆರಾ ಇದು?" ಅಂದ. ನಾ ಹುಚ್ಚಿ, ಕಪಾಟಿನಿಂದ ತಗದು ತೋರಿಸಿದೆ.

ಅವ ಅದನ್ನ ಕೈಯಾಗ ಹಿಡೀಲಿಲ್ಲ, ಬೆರಳಿನ ತುದಿಲೇ ಟೇಪ್ ಮುಟ್ಟಿ ನೋಡಿದ. "ಎಷ್ಟು ಮೆಗಾಪಿಕ್ಸೆಲ್ ಐತಿ?"

"ಹನ್ನೆರಡು."

"ಹನ್ನೆರಡ! ನನ್ನ ಈ ಫೋನಿನ್ಯಾಗ ನೂರಾ ಎಂಟು ಅದಾವಲ್ರಿ!"

ಹಂಗಾದ್ರ ಆ ಫೋನನ್ನ ಮದವಿಗೆ ಕರಕೊಂಡು ಹೋಗ್ರಿ, ಅದಕ್ಕ ಊಟಾನೂ ಹಾಕ್ರಿ ಅಂತ ನಾಲಿಗಿ ತುದಿಗೆ ಬಂದಿತ್ತು. ಆದ್ರ ಆ ಮನ್ಯಾಗ ಅಣ್ಣತಮ್ಮಂದಿರು ಮೂರು ಮಂದಿ, ಮದವಿ ವಯಸ್ಸಿಗೆ ಬಂದ ಮಕ್ಕಳು ಇನ್ನೂ ನಾಕೈದು. ನುಂಗಿಕೊಂಡೆ.

ಕಾಕಾ ಮತ್ತ ಆಲ್ಬಂ ತಗೊಂಡ. ಮೊದ್ಲ ಹೊಗಳಿದ್ದ ಹಾಳಿನ್ನ ಬೆಳಕಿಗೆ ಹಿಡದು, ಕಣ್ಣು ಸಣ್ಣ ಮಾಡಿ, ಆ ಕಡೆ ಈ ಕಡೆ ಹೊಳ್ಳಿಸಿ ನೋಡಿದ. "ಬಾಯಾರ, ಸಿಟ್ಟಾಗಬ್ಯಾಡ್ರಿ. ಕ್ಯಾಮೆರಾ ನೋಡಿದಮ್ಯಾಲ ಈ ಫೋಟೋ ಸ್ವಲ್ಪ ಮಸುಕು ಕಾಣಾಕತ್ತಾವ. ಮದವಿಗೆ ಹೊಸಾದು ತರ್ರಿ. ಇಲ್ಲಂದ್ರ ನಾವು ಹುಬ್ಬಳ್ಳಿಯವರನ್ನ ಕರಸ್ತೇವಿ" ಅಂದು ಎದ್ದ.

ಕಣ್ಣು ಹುಡುಕೂ ಕ್ಯಾಮೆರಾ

ಮನ್ಯಾಗ ನಮ್ಮ ಯಜಮಾನರು. ಕಾಗದ ಕಾರ್ಖಾನ್ಯಾಗ ಶಿಫ್ಟ್ ಮುಗಿಸಿ ಬಂದು, ಊಟಕ್ಕ ಕುಂತ್ರ ಕೈಯಾಗ ರೊಟ್ಟಿ, ಎದುರಿಗೆ ಫೋನು. ಕಾಕಾನ ಸುದ್ದಿ ಹೇಳಿದ ದಿನದಿಂದ ಅದರಾಗ ಬರೇ ಕ್ಯಾಮೆರಾ ವಿಡಿಯೋ. ಯಾವನೋ ಒಬ್ಬ ಡಬ್ಬಿ ಬಿಚ್ಚತಿದ್ದ, ಇವರು ಬಾಯಿ ತಕ್ಕೊಂಡು ನೋಡ್ತಿದ್ರು. ನಾಕ ದಿನದಾಗ ನನಗ ಪಾಠ ಹೇಳೂ ಮಟ್ಟಕ್ಕ ಬಂದ್ರು.

"ಏ, ಇಲ್ಲಿ ಕೇಳು. ಹೊಸಾದ್ರಾಗ ಮನಶ್ಯಾರ ಕಣ್ಣನ್ನ ಕ್ಯಾಮೆರಾನ ಹುಡುಕಿ ಹಿಡೀತೈತಂತ. ನೀ ಏನೂ ಮಾಡಬೇಕಾಗಿಲ್ಲ."

ಇಪ್ಪತ್ತು ವರ್ಷ ನಾ ಮಾಡಿದ್ದು ಏನೂ ಅಲ್ಲಂತ! ಎದ್ದು ಹೋಗಿ ನಮ್ಮ ಮನಿ ಆಲ್ಬಂ ತಂದು ತಾಟಿನ ಬಾಜೂಕ ಇಟ್ಟೆ. ಇವರು ನನ್ನ ಫೋಟೋ ತಗದದ್ದು ಒಟ್ಟು ಹನ್ನೊಂದು. ಸೂಪಾ ಡ್ಯಾಮಿನ ಮುಂದ ನನ್ನ ಸೀರಿ ಐತಿ, ನಾ ಇಲ್ಲ. ಕುಳಗಿ ಸೇತುವೆ ಮ್ಯಾಲ ನನ್ನ ಕೊರಳ ತನಕ ಬಂದೈತಿ. ಮಗಳ ಹುಟ್ಟಹಬ್ಬಕ್ಕ ಕೇಕು ಪೂರಾ ಐತಿ, ಅದನ್ನ ಕೊಯ್ಯಾಕತ್ತಿದ್ದು ಯಾರಂತ ಕೈಬಳಿ ನೋಡಿ ಗುರ್ತು ಹಿಡೀಬೇಕು.

"ಆ ಕಣ್ಣು ಹುಡುಕೂ ಕ್ಯಾಮೆರಾ ನನಗ ಬ್ಯಾಡ್ರಿ, ನಿಮಗ ತಗೋರಿ," ಅಂದೆ. "ಕಣ್ಣು ಆಮ್ಯಾಲ ಹುಡುಕಲಿ. ಮೊದ್ಲ ತಲಿ ಎಲ್ಲೈತಿ ಹುಡುಕಿದ್ರ ಸಾಕು."

ಇವರು ಎರಡು ದಿನ ಫೋನು ಬಿಟ್ಟು ಬರೇ ರೊಟ್ಟಿ ತಿಂದ್ರು. ಮನಿ ಭಾಳ ಶಾಂತ ಇತ್ತು.

ಹಕ್ಕಿ ಸಾಹೇಬರು

ಹೊಸಾ ಕ್ಯಾಮೆರಾ ಇಟ್ಟವರನ್ನ ಕೇಳಿದ್ರ ಖರೇ ಸಂಗತಿ ತಿಳಿದೀತು ಅಂತ ಒಂದು ಮುಂಜಾನಿ ಗಣೇಶಗುಡಿಗೆ ಹೋದೆ. ಅಲ್ಲಿ ಹಕ್ಕಿ ನೋಡಾಕ ದೂರದಿಂದ ಬರೂ ಮಂದಿಗೇನು ಕಡಿಮಿ ಇಲ್ಲ. ಅಂಥಾವರೊಳಗ ಒಬ್ಬರು ಸಿಕ್ಕರು. ಟೊಪಿಗಿ ಹಸರು, ಅಂಗಿ ಹಸರು, ಬೂಟು ಸುದ್ದಾ ಹಸರು. ಲೆನ್ಸಿಗೂ ಹಸರು ಅಂಗಿ ಹಾಕಿದ್ರು. ನನ್ನ ಕ್ಯಾಮೆರಾ ನೋಡಿ "ಪಾಪ" ಅಂದ್ರು. ಆಮ್ಯಾಲ ಸುರು ಮಾಡಿದ್ರು.

ಸೆನ್ಸರ್ ಅಂದ್ರು, ಸೆಕೆಂಡಿಗೆ ಮೂವತ್ತು ಫೋಟೋ ಅಂದ್ರು, ಹಕ್ಕಿ ರೆಪ್ಪಿ ಬಡಿಯೂದ್ರಾಗ ಫೋಕಸ್ ಅಂದ್ರು. ನಾ ಕೈ ಕಟ್ಕೊಂಡು ಕೇಳಾಕತ್ತಿದ್ದೆ. ಅಷ್ಟರಾಗ ಅವರ ಬೆನ್ನ ಹಿಂದಿನ ಅತ್ತಿ ಗಿಡಕ್ಕ ಒಂದು ಮಂಗಟ್ಟಿ ಹಕ್ಕಿ ಬಂದು ಕುಂತಿತು. ಹಳದಿ ಕೊಕ್ಕು, ಅದರಾಗೊಂದು ಹಣ್ಣು, ಬೆಳಕು ನೆಟ್ಟಗ ಅದರ ಮ್ಯಾಲ.

"ಸರ, ಹಿಂದ..." ಅಂದೆ.

"ಒಂದ ನಿಮಿಷ ಮೇಡಂ, ನಂದು ಮುಗೀಲಿ. ನಡುವ ಮಾತಾಡಿದ್ರ ನಿಮಗ ತಿಳಿಯೂದಿಲ್ಲ."

ಆತು ಅಂತ ನಾ ಅವರ ಹೆಗಲ ಮ್ಯಾಲಿಂದ ನಾಕು ಫೋಟೋ ಹೊಡದೆ. ಹಕ್ಕಿ ಹಾರಿ ಹೋತು. ಇವರಿನ್ನೂ ಫೋಕಸ್ಸಿನ್ಯಾಗ ಇದ್ರು. ಕಡೀಕ ತೋರಿಸಿದ್ರ ಮಾರಿ ಕಪ್ಪಿಟ್ಟಿತು. ಮೂರು ದಿನದಿಂದ ಒಂದೂ ಸಿಕ್ಕಿರಲಿಲ್ಲಂತ. "ಮೇಡಂ, ನೆನಪಿಗಂತ ಒಂದು ನನ್ನ ಫೋನಿಗೆ ಕಳಸ್ತೀರೇನು?" ಅಂದ್ರು. ಪಾಪ ಅಂತ ಈ ಸಲ ನಾ ಅಂದೆ, ಮನಿಗೆ ಬಂದು ಕಳಸಿದೆ.

ಎರಡು ದಿನಕ್ಕ ಅದ ಫೋಟೋ ಅವರ ಫೇಸ್‌ಬುಕ್ ಪುಟದಾಗ ಬಂದಿತ್ತು. ಮೂಲ್ಯಾಗ ಅವರ ಹೆಸರು, ಬುಡಕ್ಕ ಅವರ ಕ್ಯಾಮೆರಾದ ಹೆಸರು. ನನ್ನ ಮೈಯೆಲ್ಲಾ ಉರೀತು. ಆ ಉರಿಯೊಳಗನ ಕೆಳಗಿನ ಮಂದಿ ಬರದದ್ದು ಓದಿದೆ. ಮೊದಲನೇದು ಹಿಂಗಿತ್ತು: "ನೋಡ್ರಿ, ಹಳೇ ಕ್ಯಾಮೆರಾದಾಗ ಇದು ಜನ್ಮದಾಗ ಬರಾಂಗಿಲ್ಲ!"

ಕಪಾಟಿನ್ಯಾಗಿನ ಕ್ಯಾಮೆರಾ

ಅದ ವಾರ ಜೊಯಿಡಾದ ಒಂದು ಕಚೇರಿಯೊಳಗ ಗುಮಾಸ್ತರೊಬ್ಬರ ನಿವೃತ್ತಿ ಸಮಾರಂಭ. ಫೋಟೋಕ್ಕ ನನ್ನ ಕರದಿದ್ರು. ಹೋಗೂ ಬಸ್ಸು ತಡಾ ಆತು, ಬರೂ ಬಸ್ಸಿನ ಖಾತ್ರಿ ಇಲ್ಲ. ಲಗೂ ಮುಗಿಸೂಣು ಅಂತ ಕ್ಯಾಮೆರಾ ತಗದೆ. ಅಲ್ಲಿ ಸ್ಟೋರ್ ನೋಡ್ಕೊಳ್ಳಾವ ಒಬ್ಬ ಇದ್ದ. ಅವಂಗ ನಗಿ ಬಂತು.

"ಅಕ್ಕಾರ, ಇದರಾಗ ಹೊಡೀತೀರೇನು? ನಮ್ಮ ಆಫೀಸಿನ್ಯಾಗ ಎಂಥಾ ಕ್ಯಾಮೆರಾ ಐತಿ ಗೊತ್ತೇನು?"

"ಹೌದಾ? ತರ್ರಿ, ಅದರಾಗನ ಹೊಡ್ಯೂಣು," ಅಂದೆ. ಪುಕ್ಕಟೆ ಹೊಸಾ ಕ್ಯಾಮೆರಾ ಕೈಯಾಗ ಹಿಡದು ನೋಡೂ ಆಸೆ, ಮತ್ತೇನಿಲ್ಲ.

ಅವ ನನ್ನ ಒಳಗ ಕರಕೊಂಡು ಹೋದ. ಕಬ್ಬಿಣದ ಕಪಾಟು. ಅದರ ಕೀಲಿ ಇನ್ನೊಬ್ಬರ ಕಡೆ, ಅವರು ರಜಾದ ಮ್ಯಾಲ. ಕಪಾಟಿನ ಸಂದಿಯೊಳಗ ಬ್ಯಾಟರಿ ಬೆಳಕು ಬಿಟ್ಟು "ಅಲ್ಲಿ ನೋಡ್ರಿ, ಕಾಣ್ತೇನ್ರಿ? ಡಬ್ಬಿ ಮೂಲಿ?" ಅಂದ. ಬಗ್ಗಿ ನೋಡಿದೆ. ದೇವರ ದರ್ಶನ ಮಾಡಿದಂಗ ಒಂದು ಡಬ್ಬಿ ಮೂಲಿ ಕಂಡಿತು.

"ತಂದು ಎಷ್ಟು ದಿನ ಆತ್ರಿ?"

"ನಾಕು ವರ್ಷ."

"ಎಷ್ಟು ಫೋಟೋ ಹೊಡದೀರಿ?"

ಅವನ ಮಾರಿ ಗಂಭೀರ ಆತು. "ಒಂದೂ ಇಲ್ರಿ. ಡಬ್ಬಿ ಮ್ಯಾಲಿನ ಪ್ಲಾಸ್ಟಿಕ್ ಸುದ್ದಾ ಹರದಿಲ್ಲ. ಕ್ಯಾಮೆರಾ ಇಟ್ಕೊಂಡ್ರ ಹಿಂಗ ಇಟ್ಕೋಬೇಕು ಅಕ್ಕಾರ. ನೀವು ಬಳಸಿ ಬಳಸಿ ಹಾಳು ಮಾಡ್ಕೊಂಡೀರಿ."

ಆಯಿಯ ತೀರ್ಪು

ಹಳಿಯಾಳದಿಂದ ಕಾಡಿನ ಕಡೆ ಹೋದ್ರ ಸಿದ್ದಿ ಮಂದಿ ಇರೂ ಒಂದು ಊರೈತಿ. ಅಲ್ಲಿ ಒಂದು ಮನಿಗೆ ವರ್ಷಕ್ಕೊಮ್ಮೆ ಹೋಗ್ತೇನಿ, ಎಲ್ಲಾರನ್ನೂ ಕೂಡಿಸಿ ಫೋಟೋ ತಗೀತೇನಿ, ಮುಂದಿನ ಸಲ ಹೋಗೂ ಮುಂದ ಪ್ರಿಂಟ್ ಕೊಡ್ತೇನಿ. ಆ ಮನಿ ಆಯಿಗೆ ಎಂಬತ್ತು ದಾಟೈತಿ. ಆಕಿ ಮುಂದ ಹೊಸಾ ಕ್ಯಾಮೆರಾದ ಮಾತು ತಗದೆ.

"ಬ್ಯಾಡ ತಂಗಿ, ಹೊಸಾದು ತಗೋಬ್ಯಾಡ," ಅಂದ್ಲು. "ಅವು ನಡ್ಯಾಂಗಿಲ್ಲ."

"ನಿನಗ ಹೆಂಗ ಗೊತ್ತು ಆಯಿ?"

"ಹೆಂಗ ಅಂದ್ರ? ಇಲ್ಲಿಗೆ ಎಷ್ಟು ಮಂದಿ ಬರ್ತಾರ, ಕೊರಳಾಗ ಎರಡೆರಡು ಜೋತಬಿಟ್ಕೊಂಡು! ಆಯಿ ಇಲ್ಲಿ ಕುಂಡ್ರು, ಆಯಿ ಅಲ್ಲಿ ನೋಡು, ಆಯಿ ನಗು. ಹ್ವಾದ ತಿಂಗಳ ಒಬ್ಬ ಬಂದು ಆಯಿ ಕುಣಿ ಅಂದ. ನನ್ನ ಮೊಣಕಾಲ ನೋಯ್ತಾವಪಾ, ನೀ ಕುಣಿ, ನಾ ನೋಡ್ತೇನಿ ಅಂದೆ. ಅಂವ ಖರೇನ ಕುಣದ! ನೋಡಿದೆ, ಸಾಕಾತು, ಒಲಿ ಮ್ಯಾಲ ಬ್ಯಾಳಿ ಇತ್ತು ಅಂತ ಒಳಗ ಹೋಗಿ ಬಾಗಲ ಹಾಕ್ಕೊಂಡೆ."

ನಾ ನಕ್ಕು ನಕ್ಕು ಕೆಳಗ ಕುಂತೆ. ಆಯಿ ನಗಲಿಲ್ಲ. ಗ್ವಾಡಿ ಮ್ಯಾಲಿನ ನನ್ನ ಫೋಟೋಗಳನ್ನ ಒಂದೊಂದ ತೋರಿಸಿದ್ಲು. "ನಿನ್ನ ಹಳೇ ಡಬ್ಬಿಯೊಳಗಿಂದ ವರ್ಷಾ ವರ್ಷಾ ಫೋಟೋ ಬರ್ತಾವ. ಅವರು ಇಷ್ಟು ಮಂದಿ ಹೊಡದ್ರು, ಒಂದರೆ ಫೋಟೋ ನನ್ನ ಕೈಗೆ ಬಂತೇನು? ಕ್ಯಾಮೆರಾ ಕೆಟ್ಟಾವ ಪಾಪ. ಅವರಿಗೆ ಹೇಳಾಕ ನಾಚಿಕಿ."

ಒತ್ತಿ ಇಡೂ ಕಿಮ್ಮತ್ತು

ಮದವಿಗೆ ಐದು ದಿನ ಉಳದಿತ್ತು. ಆಯಿ ಮಾತು ಕಾಕಾನ ಕಿವಿಗೆ ನಡಿಯೂದಿಲ್ಲ. ಕೊಳ್ಳೂ ಧೈರ್ಯ ನನಗಿಲ್ಲ, ಬಿಡೂ ಧೈರ್ಯಾನೂ ಇಲ್ಲ. ಮೂರು ದಿನದ ಮಟ್ಟಿಗೆ ಬಾಡಿಗಿಗೆ ತರೂಣು ಅಂತ ಮುಂಡಗೋಡಕ್ಕ ಹೋದೆ. ಅಲ್ಲಿ ಒಬ್ಬ ಹುರುಪಿನ ಫೋಟೋಗ್ರಾಫರ್, ಹೊಸಾ ಮಿರರ್‌ಲೆಸ್ ಕ್ಯಾಮೆರಾ ಬಾಡಿಗಿಗೆ ಕೊಡ್ತಾನ. ಅವ ಅದನ್ನ ಹಸುಗೂಸು ಕೊಟ್ಟಂಗ ನನ್ನ ಕೈಯಾಗ ಕೊಟ್ಟ. ಧೂಳಿಗೆ ಹಿಡೀಬ್ಯಾಡ್ರಿ, ಬಿಸಲಿಗೆ ಇಡಬ್ಯಾಡ್ರಿ, ಮೆನುವಿನ್ಯಾಗ ಏನೂ ಮುಟ್ಟಬ್ಯಾಡ್ರಿ, ನಾ ಎಲ್ಲಾ ಹೊಂದಿಸಿ ಇಟ್ಟೇನಿ ಅಂತ ಹತ್ತು ಸಲ ಹೇಳಿದ.

"ಒತ್ತಿ ಏನರೆ ಇಡಬೇಕೇನು ತಮ್ಮಾ?"

"ಹೌದ್ರಿ ಅಕ್ಕಾರ, ಏನರೆ ಕಿಮ್ಮತ್ತಿನ ವಸ್ತು ಇಡಬೇಕು."

ನಾ ನನ್ನ ಕ್ಯಾಮೆರಾ ತಗದು ಟೇಬಲ್ ಮ್ಯಾಲ ಇಟ್ಟೆ. ಹದಿನಾಲ್ಕು ವರ್ಷ ನನ್ನ ಮನಿ ನಡಸಿದ ಕ್ಯಾಮೆರಾ. ಅವ ಅದನ್ನ ನೋಡಿದ, ನನ್ನ ನೋಡಿದ, ಭಾಳ ಮರ್ಯಾದಿಲೇ ನನ್ನ ಕಡೆ ಸರಿಸಿದ. "ಇದು ಇರಲಿ ಅಕ್ಕಾರ. ನಿಮ್ಮ ಆಧಾರ್ ಕಾರ್ಡಿನ ಝೆರಾಕ್ಸ್ ಐತೇನು?"

ಪಾಕೀಟು ಬಿಡದವರು

ಹಳಿಯಾಳದ ಮಂಗಲ ಕಾರ್ಯಾಲಯ, ಮಂದಿ ಕಿಕ್ಕಿರದಿದ್ರು. ಕಾಕಾ ಬಾಗಲದಾಗ ನಿಂತು ವರನ ಕಡೆಯವರಿಗೆಲ್ಲಾ "ಎರಡೂವರಿ ಲಕ್ಷದ ಕ್ಯಾಮೆರಾ ತರಿಸೇನ್ರಿ, ನಾನ ಹೇಳಿ ತರಿಸೇನಿ" ಅಂತ ಡಂಗುರ ಹೊಡ್ಯಾಕತ್ತಿದ್ದ. ನನ್ನ ಕೊರಳಾಗ ಹೊಸಾದು, ಬಗಲಾಗಿನ ಚೀಲದಾಗ ಹಳೇದು.

ಅಕ್ಕಿಕಾಳ ಬೀಳೂ ತನಕ ಎಲ್ಲಾ ಛೊಲೋ ಆತು. ಯಾರೂ ನನ್ನ ಕಡೆ ನೋಡಬೇಕಾಗಿರಲಿಲ್ಲ. ವಿಡಿಯೋದವರ ದೊಡ್ಡ ಲೈಟಿತ್ತು, ಅದರ ಬೆಳಕಿನ್ಯಾಗ ಹೊಡಕೋತ ಹೋದೆ. ಕ್ಯಾಮೆರಾ ಪಿಟ್ಟ ಅನ್ನಲಿಲ್ಲ. ಮುಂಡಗೋಡದಾವ ಅಡಿವ್ಯಾಗ ಪ್ರಾಣಿ ಫೋಟೋ ತಗ್ಯಾಕ ಸಪ್ಪಳ ಪೂರಾ ಬಂದ್ ಮಾಡಿ ಇಟ್ಟಿದ್ದ. ಹಂಗ ಬಂದ್ ಇದ್ದಾಗ ಫ್ಲ್ಯಾಶೂ ಹೊತ್ತೂದಿಲ್ಲ. ಇರಲಿ, ಹೊಸಾದ್ರ ಗುಣ ಇದು ಅಂದ್ಕೊಂಡೆ.

ಆಯೇರಿ ಸುರು ಆತು, ಮಂದಿ ಉಡುಗೊರಿ ರೊಕ್ಕದ ಪಾಕೀಟು ಹಿಡ್ಕೊಂಡು ಬಂದ್ರು. ಆಯೇರಿ ಕೊಡೂದಕ್ಕ ನಮ್ಮ ಕಡೆ ಒಂದು ಪದ್ಧತಿ ಐತಿ. ಪಾಕೀಟಿನ ಒಂದು ತುದಿ ಕೊಡಾವರ ಕೈಯಾಗ, ಇನ್ನೊಂದು ತುದಿ ವಧೂವರರ ಕೈಯಾಗ. ಮಾರಿ ಕ್ಯಾಮೆರಾದ ಕಡೆ. ಉಸರ ಬಿಗಿ ಹಿಡದು ನಿಲ್ಲೂದು. ಟಕ್ ಅಂತ ಸಪ್ಪಳ ಬಂದು ಬೆಳಕು ಹೊಡದಮ್ಯಾಲನ ಪಾಕೀಟು ಬಿಡೂದು. ಫೋಟೋ ಆಗೂಕಿಂತ ಮೊದ್ಲ ಬಿಟ್ರ, ನಾಳೆ ಕೊಟ್ಟೇವಿ ಅನ್ನಾಕ ಸಾಕ್ಷಿ ಏನು?

ಮೊದಲು ಬಂದವರು ಧಾರವಾಡ ಕಡೆ ಒಬ್ಬರು ಹಿರ್ಯಾರು. ಪಾಕೀಟು ಮುಂದ ಮಾಡಿದ್ರು, ಮದವಿ ಹುಡುಗಿ ಹಿಡದ್ಲು, ನಾ ಹೊಡದೆ. ಹಿರ್ಯಾರು ಬಿಡಲಿಲ್ಲ. ಮತ್ತ ಹೊಡದೆ. ಬಿಡಲಿಲ್ಲ. ಹುಡುಗಿ ಮೆಲ್ಲಕ ಜಗ್ಗಿದ್ಲು, ಹಿರ್ಯಾರು ಇನ್ನೂ ಗಟ್ಟಿ ಹಿಡದ್ರು.

"ಆತ್ರಿ ಅಜ್ಜಾರ," ಅಂದೆ.

"ಏನಾತು?"

"ಫೋಟೋ ಆತ್ರಿ."

"ಎಲ್ಲಿ ಆತು? ನಾ ಇಲ್ಲೇ ನಿಂತೇನಲ್ಲ!"

ಹತ್ರ ಹೋಗಿ ಸ್ಕ್ರೀನ್ ತೋರಿಸಿದೆ. ಕಿಸೆದಾಗಿನ ಚಸಮಾ ಹಾಕ್ಕೊಂಡು ನೋಡಿದ್ರು, ಪಾಕೀಟು ಮಾತ್ರ ಬಿಡಲಿಲ್ಲ. "ಇದು ನಾನ ಹೌದು. ಆದ್ರ ಇದು ಮೊದ್ಲಿಂದ ಇದ್ದಿರಬೇಕು. ಈಗಿಂದು ಹೊಡಿ."

ಹಿಂದಿನ ಸಾಲು ಬೆಳೀತು. ಮೆಟ್ಟಲ ಇಳೀತು, ನಡುವಿನ ಹಾಲ್ ದಾಟಿತು, ಬಾಗಲ ದಾಟಿ ರಸ್ತೆಕ್ಕ ಹೋತು. ಸಪ್ಪಳ ಎಲ್ಲಿ ಚಾಲೂ ಮಾಡೂದು ಅಂತ ಮೆನು ತಗದೆ. ಮಗ್ಗಿ ಪುಸ್ತಕದಂಗ ಹಾಳಿ ಮ್ಯಾಲ ಹಾಳಿ, ಒಂದೂ ತಿಳೀಲಿಲ್ಲ. ಮುಂಡಗೋಡಕ್ಕ ಫೋನ್ ಹಚ್ಚಿದೆ, ಹತ್ತಲಿಲ್ಲ. ಈ ಆರ್ಡರ್ ಹೋತು, ಈ ಮನಿತನಾನೂ ಹೋತು, ಬಾಡಿಗಿ ರೊಕ್ಕಾನೂ ಹೋತು ಅಂತ ಕಣ್ಣಾಗ ನೀರ ಬರೂದೊಂದು ಬಾಕಿ. ಕಡೀಕ ನಾಚಿಕಿ ಬಿಟ್ಟು, ಹೊಡಿಯೂ ಮುಂದ ಬಾಯಿಲೇ "ಟಕ್" ಅಂದೆ.

ಸ್ಟೇಜ್ ಮ್ಯಾಲ ಇದ್ದ ಒಬ್ಬ ಹೆಣ್ಣುಮಗಳು ಕೆಂಡ ಆದ್ಲು. "ಏನ ಚ್ಯಾಷ್ಟಿ ಮಾಡ್ತೀಯೇನು ನಮಗ? ನಾವೇನು ಸಣ್ಣ ಕೂಸೇನು?"

ಒಳಗಿಂದ ಅಡಗಿಯವ ಸೌಟು ಹಿಡ್ಕೊಂಡ ಬಂದ. ಮೂರು ಪಂಕ್ತಿ ಎಲಿ ಹಾಕಿ ಕುಂತೇವಿ, ಉಣ್ಣಾವರ ಎಲ್ಲಿ ಅಂತ ಕೇಳಿದ. ಉಣ್ಣಾವರೆಲ್ಲಾ ಪಾಕೀಟು ಹಿಡ್ಕೊಂಡು ಸಾಲಿನ್ಯಾಗ ನಿಂತಿದ್ರು. ವರನ ಅಪ್ಪ ಎದ್ದು ನಿಂತ. ಅವನ ಕಡೆಯವರು ಗುಸುಗುಸು ಸುರು ಮಾಡಿದ್ರು. ಎರಡೂವರಿ ಲಕ್ಷ ಅಂದ ಕಾಕಾನ ಬಿಳೇ ಅಂಗಿ ಬೆವತು ಮೈಗೆ ಹತ್ತಿತ್ತು. ಓಡಿ ಬಂದು ನನ್ನ ಕಿವ್ಯಾಗ ಹೇಳಿದ, "ಬಾಯಾರ, ಕೈ ಮುಗೀತೇನಿ. ಚೀಲದಾಗ ಇನ್ನೊಂದು ಐತೇನ್ರಿ? ಯಾವುದಾದ್ರೂ ನಡೀತೈತಿ!"

ನಾ ಹಳೇದನ್ನ ತಗದೆ. ಫ್ಲ್ಯಾಶ್ ಸಿಗಿಸಿದೆ. ಟಕ್! ಕಾರ್ಯಾಲಯಕ್ಕೆಲ್ಲಾ ಕೇಳೂವಂಗ ಸಪ್ಪಳ, ಮಾರಿ ಮ್ಯಾಲ ಬೆಳಕು. ಹಿರ್ಯಾರು ಪಾಕೀಟು ತಟ್ಟನೆ ಬಿಟ್ಟ ಹೊಡತಕ್ಕ ಹುಡುಗಿ ಎರಡು ಹೆಜ್ಜಿ ಹಿಂದ ಹೋಗಿ ಖುರ್ಚಿ ಮ್ಯಾಲ ಕುಂತ್ಲು. ಮುಂದಿನವರು ಬಂದ್ರು. ಟಕ್, ಬಿಟ್ರು. ಟಕ್, ಬಿಟ್ರು. ಅರ್ಧಾ ತಾಸಿನ್ಯಾಗ ರಸ್ತೆ ಖಾಲಿ, ಪಂಕ್ತಿ ತುಂಬಿ, ಎಲಿ ಮ್ಯಾಲ ಬೂಂದಿ ಬಿತ್ತು.

ಕಾಕಾಗ ಜೀವ ಬಂತು. ಜೀವ ಬಂದಮ್ಯಾಲ ಮರ್ಯಾದಿ ಬ್ಯಾರೆ ಬೇಕಲ್ಲ. ವರನ ಕಡೆಯವರ ನಡುವ ಹೋಗಿ ನಿಂತು, ನನ್ನ ಕೈಯಾಗಿನ ಟೇಪ್ ಸುತ್ತಿದ ಕ್ಯಾಮೆರಾಕ್ಕ ಬಟ್ಟು ತೋರಿಸಿ ಎಲ್ಲಾರಿಗೂ ಕೇಳೂವಂಗ ಹೇಳಿದ, "ಮೊದ್ಲಿಂದು ಆಕಿ ಹಳೇ ಕ್ಯಾಮೆರಾ ರೀ, ಕೆಟ್ಟು ಹೋಗಿತ್ತು. ಇದು ನಾ ತರಿಸಿದ್ದು. ಎರಡೂವರಿ ಲಕ್ಷದ್ದು!"

ನಾ ಬಾಯಿ ತಗೀಬೇಕು ಅನ್ನೂದ್ರಾಗ ವರನ ಅಪ್ಪ ನನ್ನ ಮುಂದ ಬಂದು ನಿಂತ. ಕ್ಯಾಮೆರಾ ಕೈಯಾಗ ತಗೊಂಡು, ತೂಕ ನೋಡಿ, ಮೆಚ್ಚಿ ತಲಿ ತೂಗಿದ. "ಹೊಸಾದಂದ್ರ ಹೊಸಾದ ಬಿಡ್ರಿ. ಏನು ಸಪ್ಪಳ ಅದು! ಸಣ್ಣ ಮಗನ ಮದವಿಗೂ ನೀವ ಬರ್ರಿ. ಆದ್ರ ಈಗ ಹೇಳಿ ಇಡ್ತೇನಿ, ಇದನ್ನ ತರಬೇಕು. ಆ ಹಳೇದು ತಂದ್ರಿ ಅಂದ್ರ ನಾವು ಹುಬ್ಬಳ್ಳಿಯವರನ್ನ ಕರೀತೇವಿ."

"ಇಲ್ರಿ, ಇದನ್ನ ತರ್ತೇನಿ" ಅಂತ ಹೇಳಿ, ಅಲ್ಲೇ ಕಂಬದ ಹಿಂದ ಹೋಗಿ ಸ್ಟುಡಿಯೋದ ಮಾಡಿಗೆ ತಗಡು ಹಾಕಾವಂಗ ಫೋನ್ ಮಾಡಿದೆ.